ಗಾರ್ಡಿಗೆ ಮೊದಲ ಪೆಟ್ಟು

ನಿನ್ನೆ ಹೊನ್ನಾವರದ ಪೇಟೆಯಲ್ಲಿ ನನ್ನ ಹೆಂಡತಿ ನಾಗವೇಣಿ ಹೊಲಿಯಲು ಕೊಟ್ಟ ರವಿಕೆ ತರಲೆಂದು ಟೈಲರ್ ಅಂಗಡಿಯೊಳಗೆ ಹೋಗಿದ್ದಳು. ನಾನು ಹೊರಗೆ ಎರಡು ಹೆಲ್ಮೆಟ್ಟುಗಳನ್ನು ಎರಡು ಕಂಕುಳಲ್ಲಿ ಅವುಚಿಕೊಂಡು, ಅವಳಿ ಮಕ್ಕಳ ತಂದೆಯಂತೆ ನಿಂತಿದ್ದೆ. ಯಾರೋ ಒಬ್ಬರು ಹೊಸ ಬೈಕನ್ನು ಪಕ್ಕದಲ್ಲಿ ತಂದು ನಿಲ್ಲಿಸಿದರು. ಆಗ ಬಂತು ನೋಡಿ ಆ ವಾಸನೆ. ಹೊಸದಾಗಿ ಕೂರಿಸಿದ ಗಾರ್ಡಿನ ಪೇಂಟು ಎಂಜಿನ್ನಿನ ಬಿಸಿಗೆ ಮೊದಲ ಸಲ ಕಮರುವ ವಾಸನೆ. ನಿಮಗೆ ಅದರಲ್ಲಿ ವಿಶೇಷ ಏನೂ ಕಾಣಲಿಕ್ಕಿಲ್ಲ. ನಾನು ಮಾತ್ರ ಹೆಲ್ಮೆಟ್ಟುಗಳನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡೆ. ಹೋದ ವರ್ಷ ಇದೇ ವಾಸನೆಯ ಹಿಂದೆಯೇ ನನ್ನ ಮನೆಯ ಅಂಗಳದಲ್ಲಿ ಒಂದು ಸಂಗತಿ ನಡೆದು, ಅದರ ಆಘಾತ ನನಗೆ ಇನ್ನೂ ಪೂರ್ತಿ ಅರಗಿಲ್ಲ.

ನಾನು ಹೆದರುವ ಜಾತಿಯ ಮನುಷ್ಯ ಎಂದು ಮೊದಲೇ ಹೇಳಿಬಿಡುತ್ತೇನೆ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಹೊಳನಗದ್ದೆಯ ಮನೆಗೆ ಕುಮಟಾದ ಆಫೀಸಿನಿಂದ ಹಿಂದಿರುಗಿ ಬಂದವನು. ಇಂಥವನಿಗೆ ಐವತ್ತರ ಹೊಸ್ತಿಲಲ್ಲಿ, ಕಲ್ಲುಮಣ್ಣಿನ ದಾರಿಯಲ್ಲೂ ಹೋಗುವಂಥ ಎತ್ತರದ ಒಂದು ಸಣ್ಣ ಬೈಕು ಬೇಕೆನ್ನಿಸಿತು. ಯಾಕೆ ಎಂದು ಕೇಳಬೇಡಿ. ಕೆಲವರಿಗೆ ಆ ವಯಸ್ಸಿನಲ್ಲಿ ಭಜನೆ ಹತ್ತುತ್ತದೆ, ನನಗೆ ಇದು ಹತ್ತಿತು. ಆಸೆಪಟ್ಟು ತಂದೆ. ತಂದ ಮೇಲೆ ದಿನಾ ಒರೆಸಿದೆ. ಏರಿ ಹೋಗಲು ಮಾತ್ರ ಧೈರ್ಯ ಬರಲಿಲ್ಲ.

ನನ್ನ ಅಂಜಿಕೆಗೆ ಒಂದು ಗೌರವದ ನೆಪ ಒದಗಿಸಿದವಳು ನಾಗವೇಣಿ. "ಗಾರ್ಡ್ ಹಾಕ್ಸದೆ ಈ ಗಾಡಿ ಗೇಟ್ ದಾಟೂಕಾಗ" ಎಂದಳು. ನನಗೆ ಆಶ್ಚರ್ಯ. ಅವಳು ಮಾವಳ್ಳಿಯ ಕಡಲಿನ ಮನೆಯವಳು. ಗಾಳಿಮಳೆಗೆ ಹಂಚು ಹಾರುವಾಗಲೂ ನಿಧಾನವಾಗಿ ಮೀನು ಹೆಚ್ಚುವ ಹೆಂಗಸು. ಇಷ್ಟು ವರ್ಷ ಜೊತೆಯಲ್ಲಿದ್ದು ನನ್ನ ರೋಗ ಅವಳಿಗೂ ಅಂಟಿತೆಂದುಕೊಂಡೆ, ಒಳಗೊಳಗೇ ಸ್ವಲ್ಪ ಸಂತೋಷವೂ ಆಯಿತು. ಗಾರ್ಡ್ ಅಂದರೆ ಗೊತ್ತಲ್ಲ, ಬೈಕು ಅಡ್ಡ ಬಿದ್ದರೆ ಎಂಜಿನ್ನು ನೆಲಕ್ಕೆ ತಾಗದಂತೆ ಎರಡೂ ಬದಿಗೆ ಹೊರಚಾಚಿರುವ ಕಬ್ಬಿಣದ ಕೊಳವೆಯ ಚೌಕಟ್ಟು. ತರಿಸಿದೆ. ಕೂರಿಸುವ ಕೆಲಸಕ್ಕೆ ಅವಳ ತಮ್ಮ ಜಟ್ಟಪ್ಪನೇ ಆಗಬೇಕೆಂದು ಅವಳದು ಇನ್ನೊಂದು ಹಠ. ಜಟ್ಟಪ್ಪ ಭಟ್ಕಳದ ಬಂದರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವನು.

ಅವನು ಭಾನುವಾರ ಬಂದ. ಬಂದವನೇ ಚೀಲದಿಂದ ಬೋಟಿನ ದಪ್ಪ ಹಗ್ಗ ತೆಗೆದು ಅಂಗಳದ ಮಾವಿನ ಕೊಂಬೆಗೆ ಎಸೆದ. ಈ ಗಾರ್ಡು ಕೂರಬೇಕಾದರೆ ಎಂಜಿನ್ನನ್ನು ಹಿಡಿದಿಟ್ಟ ಬೋಲ್ಟುಗಳನ್ನೇ ತೆಗೆದು, ಅದೇ ತೂತಿಗೆ ಉದ್ದನೆಯ ಬೋಲ್ಟು ತೊಡಿಸಬೇಕು. ಒಂದು ಬದಿ ಮುಗಿಸಿ ಇನ್ನೊಂದು ಬದಿ ಬಿಚ್ಚಬೇಕು, ಎಂಜಿನ್ನಿನ ಅಡಿಗೆ ಜಾಕ್ ಕೊಡಬೇಕು ಎಂದು ಮೊಬೈಲಿನಲ್ಲಿ ನೋಡಿ ನಾನು ಬಾಯಿಪಾಠ ಮಾಡಿದ್ದೆ.

"ಜಟ್ಟಪ್ಪ, ಅಡಿಗೆ ಜಾಕ್ ಬೇಕಂತೆ" ಎಂದೆ.

"ಎಂಜಿನ್ನನ್ನ ಯಾರಾದ್ರೂ ಅಡಿಯಿಂದ ಹಿಡೀತಾರ ಭಾವ? ಮೇಲಿಂದ ತೂಗಿಸ್ಬೇಕು" ಎಂದು ಅವನು ಎರಡೂ ಬದಿಯನ್ನು ಒಟ್ಟಿಗೇ ಬಿಚ್ಚಿದ.

ನಾನು ತುಳಸಿಕಟ್ಟೆಯ ಮೇಲೆ ಕೂತೆ. ನನ್ನ ಬೈಕಿನ ಎಂಜಿನ್ನು ಮಾವಿನ ಮರದಿಂದ ಹಲಸಿನ ಕಾಯಿಯಂತೆ ಜೋತಾಡುತ್ತಿತ್ತು. ಹಗ್ಗವನ್ನು ಒಂದು ನೂಲು ಸಡಿಲಿಸಿದರೆ ತೂತು ಕೆಳಗೆ, ಒಂದು ನೂಲು ಎಳೆದರೆ ಮೇಲೆ. ಒಂದು ಬೋಲ್ಟು ಕೂತರೆ ಇನ್ನೊಂದು ಕೂರದು. ಮಧ್ಯಾಹ್ನದ ಊಟ ಆರಿತು. ಜಟ್ಟಪ್ಪ ಯಾರನ್ನೋ ಬೈಯುತ್ತ, ಬೋಲ್ಟುಗಳನ್ನೆಲ್ಲ ಸಡಿಲವಾಗಿಯೇ ಬಿಟ್ಟು ಗಾರ್ಡಿಗೆ ಮೊಣಕಾಲು ಕೊಟ್ಟು ಒತ್ತಿ, ಅಂತೂ ಕೊನೆಗೆ ಬಿಗಿದ. ಎಂಜಿನ್ ಚಾಲೂ ಮಾಡಿ ಸ್ವಲ್ಪ ಹೊತ್ತು ಓಡಲು ಬಿಟ್ಟ. ಆಗಲೇ ಆ ವಾಸನೆ ಬಂದದ್ದು. ನಾನು ಮೂಗರಳಿಸಿ, ಇನ್ನು ಹೆದರಿಕೆಗೆ ಜಾಗವಿಲ್ಲ ಎಂದುಕೊಂಡೆ. ಅವನು ಎಂಜಿನ್ ನಿಲ್ಲಿಸಿ, ಸ್ಟ್ಯಾಂಡ್ ಮಡಚಿ, ಬೈಕನ್ನು ಎಡಕ್ಕೆ ವಾಲಿಸಿ, ಕೈಬಿಟ್ಟ.

ಆ ಸದ್ದನ್ನು ಬರೆಯಲು ನನಗೆ ಬರುವುದಿಲ್ಲ. ಒಮ್ಮೆ ಕೇಳಿದರೆ ಸಾಕು ಎಂಬಂಥ ಸದ್ದು. ಅಕ್ಕಪಕ್ಕದ ಕಾಗೆಗಳೆಲ್ಲ ಎದ್ದವು.

"ಹೆದ್ರಬ್ಯಾಡ ಭಾವ" ಎಂದ ಅವನು. "ಬೋಟಿನ ಬದಿಗೆ ಹೊಸ ಟೈರ್ ಕಟ್ಟಿದ್ರೆ ನಾವೇ ಒಂದ್ಸಲ ಬಂದರಿನ ದಕ್ಕೆ ಕಟ್ಟೆಗೆ ಗುದ್ದಿಸಿ ನೋಡೂದು. ಮೊದಲ ಪೆಟ್ಟು ನಮ್ಮ ಕೈಯಿಂದ್ಲೇ ಆಗ್ಬೇಕು. ಕಡಲು ಕೊಡೂಕೆ ಮೊದ್ಲು."

ನಾನು ಓಡಿಹೋಗಿ ಹ್ಯಾಂಡಲ್ ಹಿಡಿದು ಎಳೆದೆ. ಬೈಕು ಅಲುಗಲಿಲ್ಲ, ನನ್ನ ಸೊಂಟ ಅಲುಗಿತು. ಅಷ್ಟರಲ್ಲಿ ಚಾ ತಂದ ನಾಗವೇಣಿ ಲೋಟಗಳನ್ನು ಮೆಟ್ಟಿಲ ಮೇಲಿಟ್ಟು ಬಂದಳು. ಬೈಕನ್ನು ಎತ್ತಲಿಲ್ಲ. ಅದರ ಪಕ್ಕ ಮೊಣಕಾಲೂರಿ ಕೂತು, ಎಂಜಿನ್ನಿಗೂ ನೆಲಕ್ಕೂ ನಡುವೆ ಗಾರ್ಡು ಬಿಟ್ಟ ಸಂದಿಯಲ್ಲಿ ಕೈ ಹಾಕಿದಳು. ಮೊಣಕೈ ತನಕ ಕೈ ಒಳಗೆ ಹೋಯಿತು. ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡಳು.

"ಜಾಗ ಅದೆ" ಎಂದಳು ತಮ್ಮನಿಗೆ.

"ನಾ ಹೇಳಿದ್ನಲ್ಲ ಅಕ್ಕ" ಎಂದ ಅವನು, ಮೆತ್ತಗೆ.

ಆಮೇಲೆ ನನಗೆ "ಬದಿಗೆ ಸರೀರಿ" ಎಂದಳು. ಗೇರು ಹಾಕಿದಳು. ಹ್ಯಾಂಡಲ್ ಪೂರ್ತಿ ತಿರುಗಿಸಿ ಬೈಕಿಗೆ ಬೆನ್ನು ಹಾಕಿ, ಸೀಟಿಗೆ ಸೊಂಟ ಕೊಟ್ಟು ಕುಕ್ಕರಿಸಿದಳು. ದೋಣಿಯನ್ನು ದಡಕ್ಕೆ ಹತ್ತಿಸುವಾಗ ಬೆನ್ನು ಕೊಡುತ್ತಾರಲ್ಲ, ಹಾಗೆ. ಸಣ್ಣ ಸಣ್ಣ ಹೆಜ್ಜೆ ಹಿಂದಕ್ಕೆ ಇಟ್ಟಳು. ಬೈಕು ಎದ್ದು ನಿಂತಿತು. ತಿರುಗಿ ನೋಡದೆಯೇ ಹಿಮ್ಮಡಿಯಿಂದ ಸ್ಟ್ಯಾಂಡ್ ಬಿಚ್ಚಿದಳು.

ನೀವೇ ಹೇಳಿ, ಇಪ್ಪತ್ತಕ್ಕೂ ಹೆಚ್ಚು ವರ್ಷ ಜೊತೆಯಲ್ಲಿ ಬಾಳಿದ ಹೆಂಡತಿ, ಸೈಕಲ್ಲನ್ನೂ ಮುಟ್ಟದವಳು, ತಿರುಗಿ ನೋಡದೆ ಬೈಕಿನ ಸ್ಟ್ಯಾಂಡ್ ಬಿಚ್ಚಿದರೆ ನೀವು ಏನು ಮಾಡುತ್ತೀರಿ? ನಾನು ಚಾ ಕುಡಿದೆ. ಎರಡು ಲೋಟ. ಒಂದು ಜಟ್ಟಪ್ಪನದು.

"ಬೀಳ್ಸಿ ತೋರ್ಸು ಅಂದದ್ದು ನಾನೇ" ಎಂದಳು ಅವಳು. ಅಂಗೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡಳು. "ನಂಗೆ ನೋಡ್ಬೇಕಾಗಿತ್ತು."

ಇಲ್ಲಿ ನಾನು ಸ್ವಲ್ಪ ಹಿಂದೆ ಹೋಗಿ ನನ್ನ ಮಾವ ದುರ್ಗಪ್ಪನವರ ಬಗ್ಗೆ ಹೇಳಬೇಕು. ಈಗ ಅವರಿಲ್ಲ. ಹೆಣ್ಣು ನೋಡಲು ನಾವು ಮಾವಳ್ಳಿಗೆ ಹೋದಾಗ ಅವರ ಎಡಗಾಲಿಗೆ ತೊಡೆಯ ತನಕ ಬ್ಯಾಂಡೇಜು ಇತ್ತು. ಎಲ್ಲರೂ ಹುಡುಗಿಯನ್ನು ನೋಡಿದರು, ನಾನು ಆ ಕಾಲನ್ನು ನೋಡಿದೆ. ಬೋಟಿನಲ್ಲಿ ಬಲೆ ಎಳೆಯುವ ವಿಂಚ್ ಯಂತ್ರದ ಹಗ್ಗಕ್ಕೆ ಕಾಲು ಸಿಕ್ಕಿದ್ದೆಂದು ಅವರು ವಿಸ್ತಾರವಾಗಿ ಹೇಳಿದರು. ಹಗ್ಗ ಹೇಗೆ ಸುತ್ತಿತು, ಎಲುಬು ಯಾವ ಸದ್ದು ಮಾಡಿತು, ಎಲ್ಲ. ನನಗೆ ಕಣ್ಣು ಕತ್ತಲೆ ಬಂದು, ಕೊಟ್ಟ ಶಿರಾ ಕೆಳಗಿಟ್ಟೆ. "ಕಡಲಿನ ಕೆಲ್ಸ ಅಂದ್ರೆ ಹಿಂಗೇ ತಮಾ" ಎಂದು ಅವರೇ ಬೆನ್ನು ತಟ್ಟಿದರು. ಮದುವೆಯಾದ ಮೇಲೆ ಪ್ರತಿ ಹಬ್ಬಕ್ಕೂ ಆ ಕತೆಗೆ ಒಂದಿಷ್ಟು ಗಾಳಿ, ಒಂದಿಷ್ಟು ಅಲೆ ಸೇರುತ್ತಿದ್ದವು. ಅವರು ಕಡೆಯ ತನಕ ಕುಂಟಿದರು. ನಾನು ಆ ಕತೆಗೆ ಹೆದರಿ ಇವತ್ತಿನವರೆಗೂ ದೋಣಿ ಹತ್ತಿದವನಲ್ಲ. ಅಘನಾಶಿನಿ ಊರಿನಿಂದ ತದಡಿಗೆ ದೋಣಿಯಲ್ಲಿ ಹೊಳೆ ದಾಟಿದರೆ ಆಯಿತು, ಎಲ್ಲರೂ ದಾಟುತ್ತಾರೆ. ನಾನೊಬ್ಬ ಬಸ್ಸು ಹಿಡಿದು ಊರೆಲ್ಲ ಸುತ್ತಿ ಆಚೆ ದಡ ಸೇರುತ್ತೇನೆ.

ನಾಗವೇಣಿ ಮೆಟ್ಟಿಲ ಮೇಲೆ ಕೂತು ಹೇಳಿದಳು.

"ಅಪ್ಪಂಗೆ ಮಬ್ಬು ಬೆಳಕಲ್ಲಿ ಕಣ್ಣು ಕಾಣ್ತಿರ್ಲಿಲ್ಲ. ಬೆಳಗಾಮುಂಚೆ ಮೀನಿನ ಬಾಕ್ಸ್ ಕಟ್ಕಂಡು ಹೊನ್ನಾವರಕ್ಕೆ ಅಪ್ಪನ ಬೈಕ್ ಹೊಡೀತಿದ್ದದ್ದು ನಾನು. ಅಪ್ಪ ಹಿಂದೆ. ಮಂಕಿ ಹತ್ರ ತಿರುವಲ್ಲಿ ಮೀನು ಲಾರಿ ನೀರು ಚೆಲ್ಲಿತ್ತು. ಜಾರ್ತು. ನಾ ಆಚೆ ಬಿದ್ದೆ. ಅಪ್ಪನ ಕಾಲು ಎಂಜಿನ್ ಅಡಿಗೆ."

"ಮತ್ತೆ ವಿಂಚು?" ಎಂದೆ.

"ವಿಂಚೂ ಇಲ್ಲ, ಎಂತದೂ ಇಲ್ಲ ಭಾವ" ಎಂದ ಜಟ್ಟಪ್ಪ. "ಅಕ್ಕ ಒಬ್ಳೇ ಗಾಡಿ ಎತ್ತಿ ತೆಗ್ದದ್ದು."

"ಆಸ್ಪತ್ರೆಲಿ ಕೇಳೂಕೂ ಮೊದ್ಲೇ ಅಪ್ಪ ವಿಂಚು ಅಂದ್ರು" ಎಂದಳು ನಾಗವೇಣಿ. "ಮಗಳು ಗಾಡಿ ಹೊಡ್ದು ಅಪ್ಪನ ಕಾಲು ಮುರದ್ಲು ಅಂತ ಊರವ್ರ ಬಾಯಲ್ಲಿ ನಾ ಬೀಳೂದು ಬ್ಯಾಡ ಅಂತ. ಅಮ್ಮಂಗೂ ಹೇಳ್ಲಿಲ್ಲ, ಜಟ್ಟಪ್ಪಂಗೆ ಮಾತ್ರ ನಾ ಹೇಳಿದ್ದೆ. ಹಬ್ಬಕ್ಕೆ ನಿಮ್ಮೆದ್ರಿಗೆ ಆ ಕತೆ ಹೇಳ್ವಾಗೆಲ್ಲ ನಾ ಒಳಗೆ ಪಾತ್ರೆ ತೊಳೀತಿದ್ದೆ." ಗಾರ್ಡಿನ ಕಡೆ ಕೈ ತೋರಿಸಿ ಹೇಳಿದಳು, "ಇಷ್ಟು ದಪ್ಪದ್ದು ಒಂದು ಕಬ್ಬಿಣ ಇದ್ದಿದ್ರೆ ಸಾಕಿತ್ತು."

ನಾನು ಕೂತಲ್ಲಿಂದ ಏಳಲಿಲ್ಲ. ನನ್ನ ತಲೆಯೊಳಗೆ ಇಷ್ಟು ವರ್ಷ ನಿಂತಿದ್ದ ಬೋಟು, ಹಗ್ಗ, ಅಲೆ ಎಲ್ಲ ಒಂದೊಂದಾಗಿ ಖಾಲಿಯಾಗುತ್ತಿದ್ದವು. ಎಂಥ ಮನುಷ್ಯ ಈ ಮಾವ. ಬ್ಯಾಂಡೇಜಿನ ಕಾಲು ಚಾಚಿಕೊಂಡು, ಮುರಿದವಳು ಶಿರಾ ತಂದಿಡುವಾಗಲೇ, ಎದುರಿಗೆ ಕೂತ ವರನಿಗೆ ಇಲ್ಲದ ಕಡಲನ್ನು ಕಟ್ಟಿಕೊಟ್ಟರಲ್ಲ. ನಾನು ಅದಕ್ಕೆ ಹೆದರಿದೆ, ಸರಿ. ಆದರೆ ಆ ಕತೆಯಿಂದ ನನಗಿಂತ ಹೆಚ್ಚು ನಡುಗಿದವಳು ಒಳಗೆ ನಲ್ಲಿಯ ಹತ್ತಿರ ಇದ್ದಳು. ನನಗೆ ಅದು ಒಂದು ಹಬ್ಬದಲ್ಲೂ ತಿಳಿಯಲಿಲ್ಲ.

"ಕೀಲಿ ಕೊಡಿ" ಎಂದಳು.

ಕೀಲಿ ನನ್ನ ಜೇಬಿನಲ್ಲಿತ್ತು. ಕೊಡಬಾರದು ಎನ್ನಲು ನನ್ನ ಹತ್ತಿರ ಕಾರಣಗಳಿಗೆ ಬರವೇ? ಅಭ್ಯಾಸ ತಪ್ಪಿದೆ, ಹೆದ್ದಾರಿ ಅಗಲವಾಗಿದೆ, ದನ ಅಡ್ಡ ಬರುತ್ತವೆ. ಎಲ್ಲವನ್ನೂ ಒಟ್ಟು ಮಾಡಿ ಹೇಳಿದ್ದು ಇಷ್ಟೇ: "ಬಿದ್ರೆ?"

"ಬಿದ್ದಾತಲ್ಲ" ಎಂದಳು. "ಈಗಷ್ಟೇ."

ಕೊಟ್ಟೆ. ಅವಳು ಸೀರೆ ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಹತ್ತಿದಳು. ಗೇಟಿನ ತನಕ ಹೋಗಿ ನಿಂತಳು, ಬಹಳ ಹೊತ್ತು. ಜಟ್ಟಪ್ಪ ಅವಳ ಬೆನ್ನನ್ನೇ ನೋಡುತ್ತಿದ್ದ. ಆಮೇಲೆ ಬೈಕು ಗೇಟು ದಾಟಿತು.

ಟೈಲರ್ ಅಂಗಡಿಯಿಂದ ನಿನ್ನೆ ಅವಳು ಹೊರಬಂದು ತನ್ನ ಹೆಲ್ಮೆಟ್ಟು ತೆಗೆದುಕೊಂಡು, "ಎಂತ, ಹಂಗ್ಯಾಕೆ ನಿತ್ಕಂಡ್ರಿ? ಹಿಂದೆ ಕೂತ್ಕಣಿ" ಎಂದಳು. ಕೂತೆ. ಮಾವಳ್ಳಿಯಲ್ಲಿ ಅತ್ತೆಯನ್ನು ನೋಡಿ ಬರುವುದಿತ್ತು. ಈಗ ನಾನು ಹಿಂದೆ ಕೂರುವವನು. ದಾರಿಯುದ್ದಕ್ಕೂ ದನ, ಲಾರಿ, ಹೊಂಡಗಳ ವರದಿ ಒಪ್ಪಿಸುತ್ತೇನೆ, ಅವಳು ಒಂದನ್ನೂ ಕೇಳಿಸಿಕೊಳ್ಳುವುದಿಲ್ಲ. ಮಂಕಿ ಬಂತು. ಹೆದ್ದಾರಿ ಅಗಲ ಮಾಡುವಾಗ ಆ ತಿರುವನ್ನು ಕಡಿದು ತೆಗೆದಿದ್ದಾರೆ. ರಸ್ತೆ ಈಗ ನೇರ, ಒಣ, ಖಾಲಿ. ಹಿಂದಿನ ಗಾಡಿಗಳು ಹಾರ್ನ್ ಹಾಕುತ್ತವೆ. ಆದರೂ ಅವಳು ಅಲ್ಲಿ ಗೇರು ಇಳಿಸಿ, ಇಲ್ಲದ ತಿರುವನ್ನು ಮೆಲ್ಲಗೆ ದಾಟುತ್ತಾಳೆ. ನಾನು ಆಗ ವರದಿ ನಿಲ್ಲಿಸುತ್ತೇನೆ. ನನಗೆ ತಿಳಿಯದಂತೆಯೇ ನನ್ನ ಎಡಗಾಲು ಆ ಜಾಗ ದಾಟುವ ತನಕ ಒಳಕ್ಕೆ ಸರಿದು ಕೂತಿರುತ್ತದೆ.