ತೌಡಿಗೆ ಮಾರಿದ ಮಗಳು

ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟು ನಾನು ಮಾಡಿದ ನಷ್ಟದ ವ್ಯಾಪಾರಗಳು ಬೇಕಾದಷ್ಟಿವೆ. ಆದರೆ ಹೆತ್ತ ಮಗಳನ್ನು ಒಂದು ಹಿಡಿ ತೌಡಿಗೆ ಮಾರಿದ್ದು ಒಮ್ಮೆ ಮಾತ್ರ. ನಿಜಾಮರ ಆಳಿಕೆ ಹೋದ ಹೊಸತು.

ಮೊದಲಿನ ಎರಡು ಕೂಸು ತೊಟ್ಟಿಲು ಕಾಣದೇ ಹೋಗಿದ್ದವು. ಇದು ಲಿಂಗಸುಗೂರಿನ ದವಾಖಾನೆಯಲ್ಲಿ ದಿನ ತುಂಬುವ ಮೊದಲೇ ಹುಟ್ಟಿತು. ಅಳುವುದಕ್ಕೂ ತ್ರಾಣವಿರಲಿಲ್ಲ. ನರ್ಸಬಾಯಿ ಅದನ್ನು ಹತ್ತಿಯಲ್ಲಿ ಸುತ್ತಿ ನನ್ನ ಹೆಂಡತಿಯ ಎದೆಗೆ ಆನಿಸಿ ಮಲಗಿಸಿದಳು. ಅಷ್ಟರಲ್ಲಿ ನನ್ನ ಅವ್ವ ಕೂಸಿನ ಬಾಯಿಗೆ ಹಾಕಲು ಹರಳೆಣ್ಣೆಯ ಬಟ್ಟಲು ಹಿಡಿದು ಬಂದಳು.

"ಎಣ್ಣಿ ಹಾಕಬ್ಯಾಡ್ರೀ ಅಮ್ಮ, ಕೂಸು ತಡಕೊಳ್ಳಂಗಿಲ್ಲ," ಎಂದಳು ನರ್ಸಬಾಯಿ.

"ಇವಗೂ ನಾನ ಹಾಕೀನಿ. ಸತ್ತಾನೇನು?" ಎಂದು ಅವ್ವ ನನ್ನನ್ನು ಸಾಕ್ಷಿಯಾಗಿ ತೋರಿಸಿದಳು. ನಾನು ಸಾಧ್ಯವಾದಷ್ಟು ಜೀವಂತವಾಗಿ ನಿಂತುಕೊಂಡೆ.

ಕೂಸು ಉಳಿಯದ ಮನೆಯವರು, ಹುಟ್ಟಿದ ಮಗುವನ್ನು ಮೊರದಲ್ಲಿಟ್ಟು ಬೇರೆ ಹೆಂಗಸಿಗೆ ತೌಡಿಗೆ ಮಾರುವುದು ನಮ್ಮ ಕಡೆಯ ಪದ್ಧತಿ. ಪರರ ಮಾಲೆಂದು ಸಾವು ಮುಟ್ಟದೆ ಹೋಗಲಿ ಎಂಬ ಉಪಾಯ. ಕೊಂಡವಳು ಆಮೇಲೆ ಸಾಕಲೆಂದು ತಾಯಿಗೇ ಕೊಡುತ್ತಾಳೆ. ಕೊಳ್ಳಬೇಕಾಗಿದ್ದ ನೆರೆಮನೆಯವಳು ಮಸ್ಕಿಯಲ್ಲಿ ಉಳಿದಿದ್ದಳು. ಕೂಸಿಗೆ ಕಾಯುವಷ್ಟು ಉಸಿರಿರಲಿಲ್ಲ.

"ನೀನ ಕೊಂಡ್ಕೋ ತಂಗಿ," ಎಂದಳು ಅವ್ವ.

ನರ್ಸಬಾಯಿ ನಕ್ಕುಬಿಡುತ್ತಾಳೆ ಎಂದುಕೊಂಡೆ. ನಗಲಿಲ್ಲ. ಕೈ ತೊಳೆದು ಬಂದು ತೌಡು ಕೊಟ್ಟು ಕೂಸು ಎತ್ತಿಕೊಂಡಳು. ತೌಡು ಅವ್ವ ತಂದದ್ದೇ. ಗಿರಾಕಿಗೆ ಬಂಡವಾಳವನ್ನೂ ಒದಗಿಸುವ ಇಂಥ ಘನವಾದ ಸೌದಾ ನಾನು ಬೇರೆಲ್ಲೂ ಕಂಡಿಲ್ಲ.

"ಈಗ ಕೂಸು ಯಾರದ್ರೀ ಅಮ್ಮ?"

"ನಿಂದವ್ವ."

"ಹಂಗಾರ ನನ್ನ ಕೂಸಿಗೆ ಎಣ್ಣಿ ಬ್ಯಾಡ, ಹೊಗಿ ಬ್ಯಾಡ. ತಾಯಿ ಮೊದಲಿನ ಹಾಲು ಹಿಂಡಿ ಚೆಲ್ಲಬ್ಯಾಡ್ರಿ. ಹನಿ ಹನಿ ನಾ ಕುಡಸ್ತೀನಿ."

ಅವ್ವನ ಎಣ್ಣೆಯ ಬಟ್ಟಲು ಸೆರಗಿನ ಮರೆಗೆ ಹೋಯಿತು. "ಮಾರಿದ ಮ್ಯಾಲ ಮಾತಾಡಬಾರದಲೇ," ಎಂದು ನನ್ನನ್ನೇ ಗದರಿದಳು. ನಾನು ಏನೂ ಮಾತಾಡಿರಲಿಲ್ಲ.

ಆಮೇಲೆ ಹತ್ತಿಯ ಬತ್ತಿಯಲ್ಲಿ ಹಾಲು ಅದ್ದಿ ಆ ತುಟಿಗೆ ಹನಿಸುತ್ತ ಕೂತವಳು ನರ್ಸಬಾಯಿ. ಪಾಳಿ ಮುಗಿದರೂ ಬರುತ್ತಿದ್ದಳು. ಬಂದೊಡನೆ ಅಂಗೈಯ ಹಿಂಬದಿಯಿಂದ ಕೂಸಿನ ಪಾದ ಮುಟ್ಟಿ ನೋಡುವಳು. ತಣ್ಣಗಿದ್ದರೆ ಇನ್ನಷ್ಟು ಹತ್ತಿ ಸುತ್ತುವಳು. ಅಳುತ್ತಿದ್ದ ನನ್ನ ಹೆಂಡತಿಗೆ, "ನಿನ್ನ ಮೈ ಕಾವ ಅದಕ ಔಷಧ, ತಂಗಿ. ಅತ್ತು ಆರಸಬ್ಯಾಡ," ಎನ್ನುವಳು. ಒಂದು ಮುಂಜಾನೆ ಕೂಸು ಇಡೀ ದವಾಖಾನೆ ಬೆಚ್ಚುವಂತೆ ಕಿರುಚಿತು.

"ದನಿ ನಮ್ಮ ಮನೀದು!" ಎಂದು ಅವ್ವ ಹಿಗ್ಗಿದಳು.

"ಕೂಸು ನಂದ್ರೀ," ಎಂದಳು ನರ್ಸಬಾಯಿ.

ಮನೆಗೆ ಕಳಿಸುವಾಗ, "ಸಾಕಾಕ ಕೊಟ್ಟೀನಿ, ನೆಪ್ಪಿರಲಿ," ಎಂದಳು. ಸೌದಾ ಮುರಿಯಲು ಅವ್ವನಿಗೆ ಧೈರ್ಯವಿರಲಿಲ್ಲ; ನನಗೆ ಮನಸ್ಸಿರಲಿಲ್ಲ.

ಮಗಳು ಸಾಲಿಗೆ ಹೋಗತೊಡಗಿದಾಗ ನರ್ಸಬಾಯಿಗೆ ಸಿಂಧನೂರಿಗೆ ಬದಲಿಯಾಗಿತ್ತು. ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಎದುರಿಗೆ ನಿಲ್ಲಿಸಿದೆವು. ದಾರಿಯುದ್ದಕ್ಕೂ ನಾನು ಕಟ್ಟಿಕೊಂಡು ಬಂದಿದ್ದ ಕೃತಜ್ಞತೆಯ ಭಾಷಣ ಬಿಚ್ಚುವ ಮೊದಲೇ ನರ್ಸಬಾಯಿ ಹುಡುಗಿಯತ್ತ ತಿರುಗಿದಳು.

"ಯಾರ ಮಗಳವ್ವ ನೀ?"

"ನಿಮ್ಮಾಕೀರಿ," ಎಂದಿತು ಹುಡುಗಿ, ಅಜ್ಜಿ ಕಲಿಸಿದಂತೆ.

ನರ್ಸಬಾಯಿ ಬಾಗಿ, ಬಸ್ಸಿನ ಧೂಳು ಮೆತ್ತಿದ್ದ ಆ ಪಾದಗಳನ್ನು ಅಂಗೈಯ ಹಿಂಬದಿಯಿಂದ ಮುಟ್ಟಿ ನೋಡಿದಳು.

"ಬೆಚ್ಚಗದಾವ," ಎಂದಳು.