ಅಕ್ಕನ ಕಂಪ್ಯೂಟರು, ಬಾವನ ಆಟೋ ಸ್ಟಾರ್ಟರು

ಕಂಪ್ಯೂಟರಿನ ಗುಂಡಿ ಒತ್ತಿ, ಒಳಗೆ ಹೋಗಿ ಕಾಫಿಗಿಟ್ಟು, ಕುಡಿದು, ಲೋಟ ತೊಳೆದಿಟ್ಟು ವಾಪಸ್ ಬಂದರೂ ಪರದೆಯ ಮೇಲೆ ಆ ಚುಕ್ಕಿಗಳು ದುಂಡಗೆ ಸುತ್ತುತ್ತಲೇ ಇರುವುದು ನಿಮಗೆ ಆಗಿದೆಯಾ? ಹೋಗಲಿ, ನೀವೇ ಕೈಯಾರೆ ಜೋಪಾನ ಮಾಡಿಟ್ಟ ಫೈಲು ನಿಮಗೇ ಸಿಗದೆ ಮನೆಯವರನ್ನೆಲ್ಲ ಬೈದುಕೊಂಡು ಕೂತದ್ದು? ಆಗಿಲ್ಲ ಅನ್ನುವವರು ಮುಂದಕ್ಕೆ ಹೋಗಬಹುದು, ಇದು ನಿಮಗಲ್ಲ. ಆಗಿದೆ ಅನ್ನುವವರು ಸ್ವಲ್ಪ ಕೂತುಕೊಳ್ಳಿ.

ನನ್ನ ಅಕ್ಕ ಇರುವುದು ಹಲಗೂರಿನಲ್ಲಿ. ಬಾವನಿಗೆ ಒಂದಿಷ್ಟು ಜಮೀನು, ಒಂದು ಬೋರು. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಮದುವೆ ಬ್ಲೌಸ್ ಹೊಲಿಯುತ್ತಾಳೆ. ಅಲ್ಲೊಂದು ಎಂಬ್ರಾಯ್ಡರಿ ಮೆಷಿನ್ ಇದೆ. ಕಂಪ್ಯೂಟರಿನಲ್ಲಿರುವ ಡಿಸೈನಿನ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಮೆಷಿನ್ನಿಗೆ ಚುಚ್ಚಿದರೆ, ಅದು ಟಕಟಕ ಅಂತ ಬಟ್ಟೆಯ ಮೇಲೆ ನವಿಲನ್ನೋ ಹೂವನ್ನೋ ಹೊಲಿದುಕೊಡುತ್ತದೆ. ಫೈಲು ಇಲ್ಲದಿದ್ದರೆ ಆ ಮೆಷಿನ್ನು ಟವೆಲ್ ಒಣಗಿ ಹಾಕುವುದಕ್ಕೂ ಲಾಯಕ್ಕಿಲ್ಲ.

ಒಂದು ಶನಿವಾರ ಅಕ್ಕ ಫೋನ್ ಮಾಡಿದಳು.

"ಲೇ, ನಾಳೆ ರಜಾ ತಾನೆ? ಬಂದ್ ಓಗ್ಲಾ. ಈ ಕಂಪ್ಯೂಟ್ರು ನನ್ ಪ್ರಾಣ ತಿಂತಾ ಅದೆ."

ವಿಷಯ ಏನೆಂದರೆ, ಪಕ್ಕದ ಹಳ್ಳಿಯ ಒಬ್ಬ ತಾಯಿ ಚಿಕ್ಕ ಮಗಳ ಧಾರೆ ಸೀರೆಗೆ ಬ್ಲೌಸ್ ಹೇಳಿದ್ದರು. ದೊಡ್ಡ ಮಗಳನ್ನು ದುದ್ದದ ಊರಿಗೆ ಮದುವೆ ಮಾಡಿ ಕೊಟ್ಟಾಗ ಅಕ್ಕನೇ ಜೋಡಿ ಗಿಣಿಯ ಡಿಸೈನ್ ಹಾಕಿಕೊಟ್ಟಿದ್ದಳಂತೆ. ಈಗ ಇವಳಿಗೂ ಅದೇ ಆಗಬೇಕು. ಅಕ್ಕ ಊಂ ಅಂದು ಮಾತು ಕೊಟ್ಟುಬಿಟ್ಟಿದ್ದಾಳೆ. ಭಾನುವಾರ ಸಂಜೆ ತಾಯಿ ಮಗಳು ಸೀರೆ ತೆಗೆದುಕೊಂಡು ಬರುತ್ತಾರೆ, ಗುರುವಾರ ಧಾರೆ. ಗಿಣಿ ಎಲ್ಲಿದೆಯೋ ಗೊತ್ತಿಲ್ಲ.

"ಹಳೇ ಬ್ಲೌಸ್ ತರ್ಸಿ ನೋಡ್ಕಂಡ್ ಮಾಡಕಾಗಲ್ವಾ?" ಅಂದೆ.

"ನನ್ ಕಣ್ಗೆ ಕಂಡ್ರೆ ಏನ್ ಬಂತ್ಲಾ, ಮೆಷಿನ್ ಕಣ್ಗೆ ಕಾಣ್ಬೇಕಲ್ಲ. ಫೈಲೇ ಬೇಕು. ಸಿಗ್ನಿಲ್ಲ ಅಂದ್ರೆ ಅವ್ರು ಮಳವಳ್ಳಿಗ್ ಓಯ್ತಾರೆ. ಓಗ್ಲಿ ಬುಡು, ಕೊಟ್ಟಿರೋ ಮಾತೇನಾಯ್ತದೆ? ನಿಮ್ ಬಾವ ಬೇರೆ ಈ ಡಬ್ಬನ ಯಾರ್ಗೋ ಎಕ್ಸ್‌ಚೇಂಜ್‌ಗೆ ಕೊಡ್ತೀನಿ ಅಂತ ಮಾತಾಡ್ಬುಟ್ಟವ್ರೆ. ಸೋಮ್ವಾರ ಬತ್ತಾನಂತೆ ತಕೊಂಡೋಗಕೆ."

ನಾನು ಇಂಜಿನಿಯರ್ ಏನಲ್ಲ. ಮಂಡ್ಯದ ಒಂದು ಆಫೀಸಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಬೆನ್ನು ನೋಯಿಸಿಕೊಳ್ಳುವವನು. ಆದರೆ ಬೇರೆಯವರು ಬೆಳಿಗ್ಗೆ ಪೇಪರ್ ಓದುವ ಹಾಗೆ ನನಗೆ ವಿಂಡೋಸಿಗೆ ಸಿಗುವ ಸಣ್ಣಪುಟ್ಟ ಪುಕ್ಕಟೆ ಸಾಫ್ಟ್‌ವೇರು ಹುಡುಕಿ ಹಾಕಿ ನೋಡುವ ಚಟ. ಹೆಂಡತಿ ಇದನ್ನು ಕಾಯಿಲೆ ಅನ್ನುತ್ತಾಳೆ. ಪೆನ್‌ಡ್ರೈವಿಗೆ ಬೇಕಾದ್ದೆಲ್ಲ ತುಂಬಿಕೊಂಡು, ಮದ್ದೂರಿನಲ್ಲಿ ಬಸ್ಸು ಬದಲಿಸಿ, ಮಳವಳ್ಳಿ ದಾಟಿ, ಹೊತ್ತು ಏರುವಷ್ಟರಲ್ಲಿ ಹಲಗೂರಿನಲ್ಲಿ ಇಳಿದೆ.

ಬಾವ ಜಗಲಿಯ ಮೇಲೆ ಕೂತಿದ್ದರು.

"ಬಂದ್ರಪ್ಪ ಮಂಡ್ಯದ ಡಾಕುಟ್ರು. ಪೇಸೆಂಟು ಒಳಗದೆ, ಓಗಿ ನೋಡಿ."

"ಯಾರು, ಅಕ್ಕನಾ?"

"ನಿಮ್ಮಕ್ಕಂಗೆ ಯಾವ್ ಕಾಯ್ಲೆ ಬಂದದ್ಲಾ, ನನ್ನೇ ನುಂಗ್ಬುಡ್ತಾಳೆ. ಆ ಡಬ್ಬ."

ಡಬ್ಬ ಆನ್ ಮಾಡಿದೆ. ಮೊದಲು ಚುಕ್ಕಿಗಳು ಸುತ್ತಿದವು. ಆಮೇಲೆ ನೀಲಿ ಪರದೆ ಬಂತು. ಆಮೇಲೆ ಒಂದೊಂದಾಗಿ ಪೆಟ್ಟಿಗೆಗಳು ತೆರೆದುಕೊಂಡವು. ಒಂದು ನಮಸ್ಕಾರ ಹೇಳಿತು, ಇನ್ನೊಂದು ಹೊಸ ಆವೃತ್ತಿ ಬಂದಿದೆ ಎಂದಿತು, ಮತ್ತೊಂದು ಕೆಂಪು ಅಕ್ಷರದಲ್ಲಿ ನಿಮ್ಮ ಕಂಪ್ಯೂಟರ್ ಅಪಾಯದಲ್ಲಿದೆ ಎಂದು ಹೆದರಿಸಿತು. ಮೌಸ್ ಅಲ್ಲಾಡಿಸಿದರೆ ಬಾಣ ಸ್ವಲ್ಪ ಹೊತ್ತು ಬಿಟ್ಟು ಬರುತ್ತಿತ್ತು.

ಬಾವ ಕೈಕಟ್ಟಿ ಹಿಂದೆ ನಿಂತಿದ್ದರು. "ಇಷ್ಟೊತ್ಗೆ ನಮ್ ಬೋರಲ್ಲಿ ಒಂದ್ ಪಾತಿ ನೀರ್ ಕಟ್ಬುಡ್ಬೋದಿತ್ತು ಕಣ್ಲಾ."

ನಾನು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದೆ. ಟಾಸ್ಕ್ ಮ್ಯಾನೇಜರ್ ಬಂತು. ಇದು ವಿಂಡೋಸಿನ ಜೊತೆಗೇ ಬರುತ್ತದೆ, ಎಲ್ಲಿಂದಲೂ ತರಬೇಕಿಲ್ಲ, ಆದರೂ ನಮ್ಮಲ್ಲಿ ಅರ್ಧ ಜನ ಅದರ ಮುಖ ನೋಡಿರುವುದಿಲ್ಲ. ಅದರಲ್ಲಿ ಸ್ಟಾರ್ಟಪ್ ಅಂತ ಒಂದು ಭಾಗ ಇದೆ. ತೆರೆದರೆ ಉದ್ದಕ್ಕೆ ಹೆಸರುಗಳು.

"ಏನ್ಲಾ ಇವೆಲ್ಲ?"

"ನೋಡಿ ಬಾವ, ಇವೆಲ್ಲ ಕಂಪ್ಯೂಟ್ರು ಆನ್ ಆಯ್ತಿದ್ದಂಗೆ ಯಾರೂ ಕರೀದೆ ಇದ್ರೂ ತಾವ್ ತಾವೇ..."

"ಆಟೋ ಸ್ಟಾಟ್ರಾ?"

ಅದಕ್ಕಿಂತ ಚೆನ್ನಾಗಿ ನಾನು ಹೇಳಲು ಆಗುತ್ತಿರಲಿಲ್ಲ. ಪಂಪ್‌ಸೆಟ್ ಇಲ್ಲದವರಿಗೆ ಹೇಳುತ್ತೇನೆ: ಕರೆಂಟ್ ಬಂದ ಕೂಡಲೇ ಮೋಟಾರು ತಾನೇ ಶುರುವಾಗಲಿ ಎಂದು ರೈತರು ಒಂದು ಪೆಟ್ಟಿಗೆ ಹಾಕಿಸಿಕೊಂಡಿರುತ್ತಾರೆ. ಹೊತ್ತುಗೊತ್ತಿಲ್ಲದೆ ಕರೆಂಟ್ ಬಂದರೆ ಎದ್ದು ಗದ್ದೆಗೆ ಓಡುವ ಕೆಲಸವಿಲ್ಲ. ಅದೇ ಆಟೋ ಸ್ಟಾರ್ಟರು. ಇನ್ನು ಬಾವ ಟಿಸಿ ಅನ್ನುವುದು ಟ್ರಾನ್ಸ್‌ಫಾರ್ಮರಿಗೆ.

ಬಾವ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತರು. "ಒಂದೇ ಟಿಸಿ ಮ್ಯಾಲೆ ಎಲ್ರುವೆ ಆಟೋ ಸ್ಟಾಟ್ರು ಮಡಿಕಂಡ್ರೆ ಇನ್ನೇನಾಯ್ತದೆ. ಕರೆಂಟ್ ಬತ್ತಿದ್ದಂಗೆ ಎಲ್ಲಾ ಮೋಟ್ರೂ ಒಟ್ಗೇ ಎದ್ದು ಗುರ್ ಅಂತವೆ, ಒಂದೂ ನೀರ್ ಎತ್ತಾಕಿಲ್ಲ. ನಮ್ ಲೈನಲ್ಲಿ ಟಿಸಿ ಸುಟ್ಟೋದ್ ಮ್ಯಾಕೆ ನಾವೇ ಕೂತ್ಕಂಡ್ ಮಾತಾಡಿ ತಗ್ಸುದ್ವು. ಇಲ್ಲೂ ಅದೇ ಕತೆಯಾ?"

"ಅದೇ ಕತೆ ಬಾವ."

"ಸರಿ, ಒಂದೊಂದಾಗ್ ಯೋಳು. ಇದ್ಯಾರ್ದು?"

"ಪ್ರಿಂಟರಿಂದು."

"ಪ್ರಿಂಟ್ರು ಎಲ್ಲದಮ್ಮಿ?" ಎಂದು ಅಕ್ಕನನ್ನು ಕೇಳಿದರು.

"ಕೆಟ್ಟೋಗಿ ಅಟ್ಟದ್ ಮ್ಯಾಲೆ ಬಿದ್ದದೆ," ಅಂದಳು ಅಕ್ಕ.

"ಮೋಟ್ರು ಅಟ್ಟದ್ ಮ್ಯಾಲೆ, ಸ್ಟಾಟ್ರು ಇಲ್ಲಿ. ಆಫ್ ಮಾಡ್ಲಾ ಅದ್ನ."

ಹೀಗೆ ಒಂದೊಂದೇ ಪಂಚಾಯ್ತಿ ನಡೆಯಿತು. ಹಾಡು ಕೇಳುವುದು, ಮಾತಾಡುವುದು, ಯಾವುದೋ ಆಟ, ಎಲ್ಲವನ್ನೂ ಬಾವ ವಿಚಾರಣೆ ಮಾಡಿ ಕೂರಿಸಿದರು. ವೈರಸ್ ಕಾಯುವುದನ್ನು ಮಾತ್ರ ನಾನು ಮುಟ್ಟಗೊಡಲಿಲ್ಲ. ಕೊನೆಗೆ ಆ ಕೆಂಪು ಅಕ್ಷರದ್ದು ಬಂತು.

"ಇದು ಕ್ಲೀನ್ ಮಾಡ್ತೀನಿ ಅಂತ ಬಂದು ಸೇರ್ಕಂಡಿರೋದು ಬಾವ. ಮಾಡೋದು ಏನೂ ಇಲ್ಲ. ದಿನಾ ಎದರ್ಸಿ ಕಾಸ್ ಕೇಳ್ತದೆ. ಯಾರ್ ಹಾಕಿದ್ದು?"

ಅಕ್ಕ ಬಾವನ ಮುಖ ನೋಡಿದಳು. ಬಾವ ಗೋಡೆ ನೋಡಿದರು.

"ಅದು ಕ್ಲೀನ್ ಮಾಡ್ಲಾ ಅಂತು, ಊಂ ಅಂದೆ ಕಣ್ಲಾ."

"ದಾರೀಲಿ ಓಗೋನು ಬಂದು ನಿಮ್ ಬೋರ್ ಕ್ಲೀನ್ ಮಾಡ್ಲಾ ಅಂದ್ರೆ ಬುಡ್ತಿದ್ರಾ?"

"ತಗುದ್ ಬಿಸಾಕು ಅತ್ಲಾಗೆ."

ಬಿಸಾಕಿದೆ. ನಿಮಗೂ ಹೇಳುತ್ತಿದ್ದೇನೆ, ಕಂಪ್ಯೂಟರನ್ನು ತೊಳೆದು ಹೊಸದು ಮಾಡಿಕೊಡುತ್ತೇನೆ ಎಂದು ತಾನಾಗಿ ಬರುವ ಯಾವುದನ್ನೂ ಒಳಗೆ ಬಿಟ್ಟುಕೊಳ್ಳಬೇಡಿ. ವಿಂಡೋಸಿನ ಸೆಟ್ಟಿಂಗ್ಸ್ ಒಳಗೇ ಕಸ ತೆಗೆಯುವ ವ್ಯವಸ್ಥೆ ಇದೆ, ನಿಮ್ಮ ನಮ್ಮ ಮನೆಯ ಕಸಕ್ಕೆ ಅದು ಸಾಕು.

ಮತ್ತೆ ಆನ್ ಮಾಡಿದಾಗ, ಅಕ್ಕ ಅಡುಗೆಮನೆಯಿಂದ ನೀರು ತರುವಷ್ಟರಲ್ಲಿ ಪರದೆ ರೆಡಿ ಇತ್ತು. ಬಾವ ಎದ್ದು ಹಿತ್ತಲಿಗೆ ಹೋಗಿ ಎಳನೀರು ಕೊಚ್ಚಿಕೊಂಡು ಬಂದು ನನ್ನ ಕೈಗೆ ಕೊಟ್ಟರು. ಬಾವನ ಬಾಯಲ್ಲಿ ಹೊಗಳಿಕೆ ಬರುವುದಿಲ್ಲ, ಎಳನೀರು ಬರುತ್ತದೆ.

ಆದರೆ ಗಿಣಿ ಇನ್ನೂ ಸಿಕ್ಕಿರಲಿಲ್ಲ.

ಮುದ್ದೆ ಉಪ್ಸಾರು ಉಂಡು ಎರಡನೇ ಪಾಳಿಗೆ ಕೂತೆವು. ಫೈಲು ಹುಡುಕುವ ಒಂದು ಸಣ್ಣ ಸಾಫ್ಟ್‌ವೇರನ್ನು ನಾನು ತಂದಿದ್ದೆ. ಎರಡು ಅಕ್ಷರ ಹೊಡೆಯುವಷ್ಟರಲ್ಲಿ ಇಡೀ ಕಂಪ್ಯೂಟರಿನಲ್ಲಿ ಆ ಹೆಸರಿನದು ಎಲ್ಲೆಲ್ಲಿದೆಯೋ ಎಲ್ಲವನ್ನೂ ತಂದು ಮುಂದೆ ನಿಲ್ಲಿಸುತ್ತದೆ. ತೊಂದರೆ ಅಂದರೆ, ಹೆಸರು ಗೊತ್ತಿರಬೇಕು. ನಮ್ಮಕ್ಕ ಡಿಸೈನಿಗೆ ಗಿಣಿ ಅಂತಲೋ ನವಿಲು ಅಂತಲೋ ಹೆಸರಿಡುವವಳಲ್ಲ. ಯಾರಿಗೆ ಹೊಲಿದಳೋ ಅವರ ಹೆಸರು. ಅದೂ ನೇರ ಹೆಸರಲ್ಲ. ಮೇಷ್ಟ್ರು ಮಗಳು. ಮೇಷ್ಟ್ರು ಮಗಳು ಇನ್ನೊಂದು. ಹೊಳಲಿನವರು. ಅರ್ಜೆಂಟು. ಅರ್ಜೆಂಟು ಹೊಸದು. ಅತ್ತೆ ಕಡೆಯವರು.

"ಅತ್ತೆ ಕಡೆಯವ್ರು ಅಂದ್ರೆ ಯಾರತ್ತೆ ಅಕ್ಕ?"

"ಆವತ್ತು ಗೊತ್ತಿತ್ತು ಕಣ್ಲಾ."

ಸರಿ, ಹೆಸರಿನ ಆಸೆ ಬಿಟ್ಟೆ. ಡಿಸೈನ್ ಫೈಲುಗಳಿಗೆ ಕೊನೆಯಲ್ಲಿ ಒಂದೇ ಬಾಲ ಇರುತ್ತದಲ್ಲ, ಆ ಬಾಲದ ಮೂರು ಅಕ್ಷರ ಹಾಕಿದೆ. ಎಲ್ಲವೂ ಬಂದವು. ಪರದೆ ತುಂಬ ಬಿಳೀ ಕಾಗದದ ಗುರುತು, ಒಂದರಂತೆ ಇನ್ನೊಂದು. ಯಾವುದರಲ್ಲಿ ಹೂವಿದೆ, ಯಾವುದರಲ್ಲಿ ಹಕ್ಕಿಯಿದೆ, ತೆರೆಯದೆ ಹೇಳಲು ಬರುವುದಿಲ್ಲ. ಒಂದೊಂದನ್ನೇ ತೆರೆಯುತ್ತ ಕೂತರೆ ಚಿಕ್ಕ ಮಗಳ ಮದುವೆ ಮುಗಿದು ಬೀಗರ ಊಟವೂ ಆಗಿರುತ್ತದೆ. ಅಕ್ಕ ಗಡಿಯಾರ ನೋಡತೊಡಗಿದಳು.

"ಇಲ್ಲ ಅಂತ್ಲೇ ಯೋಳ್ಬುಡ್ತೀನಿ ಬುಡ್ಲಾ," ಅಂದಳು.

ಒಂದು ಸಾಫ್ಟ್‌ವೇರು ಇರಲೇಬೇಕು ಅನ್ನಿಸಿತು. ಫೋಟೋ ಫೈಲುಗಳು ತೆರೆಯದೆಯೇ ಸಣ್ಣ ಚಿತ್ರವಾಗಿ ಕಾಣುತ್ತವೆ ತಾನೆ? ಎಂಬ್ರಾಯ್ಡರಿ ಫೈಲನ್ನೂ ಹಾಗೆ ಕಾಣಿಸುವವರು ಯಾರಾದರೂ ಇದ್ದೇ ಇರುತ್ತಾರೆ. ಫೋನಿನ ನೆಟ್ ಕೊಟ್ಟು ಹುಡುಕಿದೆ. ಇತ್ತು. ಪುಕ್ಕಟೆಯೇ. ಪುಟದ ತುಂಬ ಡೌನ್‌ಲೋಡ್ ಎಂದು ಕೂಗುವ ಹಸಿರು ಗುಂಡಿಗಳಿದ್ದವು, ಅವೆಲ್ಲ ಜಾಹೀರಾತು. ಅವನ್ನು ದಾಟಿ, ಮಾಡಿದವರದೇ ಪುಟಕ್ಕೆ ಹೋಗಿ ಇಳಿಸಿಕೊಂಡು, ವೈರಸ್ ಪರೀಕ್ಷೆ ಮಾಡಿಸಿ ಹಾಕಿದೆ.

ಬಿಳೀ ಕಾಗದಗಳು ಒಂದೊಂದಾಗಿ ಬಣ್ಣಕ್ಕೆ ತಿರುಗಿದವು. ಮೇಲಿನ ಸಾಲಿನಲ್ಲಿ ಒಂದು ಕಮಲ ಬಂತು. ಪಕ್ಕದಲ್ಲಿ ಆನೆ. ಆಮೇಲೆ ನವಿಲು, ಬಳ್ಳಿ, ಕಳಶ, ಮಾವಿನಕಾಯಿ ಅಂಚು. ಕೆಳಕ್ಕೆ ಎಳೆದಷ್ಟೂ ಬರುತ್ತಲೇ ಇದ್ದವು. ಅಕ್ಕ ಕನ್ನಡಕ ಹಾಕಿಕೊಂಡು ಬಂದು ನಿಂತಳು.

"ಇದು ಮೂಲೆ ಮನೆ ಸೊಸೆಗ್ ಆಕಿದ್ದು. ಇದ್ರಲ್ಲಿ ದಾರ ಕಿತ್ಕಂಡ್ ಕಿತ್ಕಂಡ್ ಸಾಕ್ ಮಾಡ್ಬುಡ್ತು. ಅಗೋ ಅದು, ಮೊದುಲ್ನೇದು ಕಣ್ಲಾ, ಮೆಷಿನ್ ಬಂದಾಗ."

ಬಾವ ಹಿಂದಿನಿಂದ ಬಗ್ಗಿ ನೋಡುತ್ತಿದ್ದರು. "ಇಷ್ಟೂ ನೀನೇ ಮಾಡಿದ್ದಾ?" ಅಂದರು.

"ಮತ್ತೆ ನಿಮ್ಮವ್ವ ಬಂದ್ ಮಾಡುದ್ಲಾ? ಮಾಡಿದ್ ಮಾಡಿದ್ದು ತಕೊಂಡ್ ಓಗ್ಬುಡ್ತಾರೆ. ನಾನೇ ಒಟ್ಗೆ ನೋಡಿರ್ನಿಲ್ಲ."

ಬಾವ ಜಗಲಿಗೆ ಹೋದರು. ಫೋನಿನಲ್ಲಿ ಯಾರಿಗೋ, ಸೋಮವಾರ ಬರುವುದು ಬೇಡ, ಕೊಡುವುದಿಲ್ಲ ಎನ್ನುತ್ತಿದ್ದುದು ಒಳಗೆ ಕೇಳಿಸಿತು.

ಗಿಣಿ ಸಿಕ್ಕಿತು. ಬೇಡದ್ದು ಎಂದು ಅಕ್ಕನೇ ಹೆಸರಿಟ್ಟಿದ್ದ ಫೋಲ್ಡರಿನಲ್ಲಿತ್ತು. ಅಳಿಸೋಣವೆಂದು ಎತ್ತಿಟ್ಟು ಅಳಿಸುವುದನ್ನೇ ಮರೆತಿದ್ದಳು. ಉಳಿದ ಹೊತ್ತಿನಲ್ಲಿ, ಒಂದೇ ಫೈಲಿನ ಹತ್ತಾರು ನಕಲು ಹಿಡಿದುಕೊಡುವ ಇನ್ನೊಂದು ಸಾಫ್ಟ್‌ವೇರಿನಿಂದ ದಂಡಿಯಾಗಿದ್ದ ನಕಲುಗಳನ್ನು ತೆಗೆದೆ. ಡಿಸೈನೆಲ್ಲ ಇನ್ನೊಂದು ಡಿಸ್ಕಿಗೂ ತಾನೇ ಪ್ರತಿಯಾಗುವ ಹಾಗೆ ಮಾಡಿಟ್ಟೆ.

ಸಂಜೆ ತಾಯಿ ಮಗಳು ಬಂದರು. ಅಕ್ಕ ಗರ್ವದಿಂದಲೇ ಗಿಣಿ ತೋರಿಸಿದಳು.

"ಇದೇ ಕಣಮ್ಮ, ಇದೇಯ. ಸಿಗಾಕಿಲ್ವೇನೋ ಅಂತ ನನ್ಗೆ ದಿಗಿಲಾಗಿತ್ತು," ಅಂದರು ತಾಯಿ.

ಮಗಳು ಗಿಣಿಯನ್ನು ನೋಡಲೇ ಇಲ್ಲ. ಅವಳ ಕಣ್ಣು ಪಕ್ಕದ ಚಿತ್ರಗಳ ಮೇಲೆ ಓಡಾಡುತ್ತಿತ್ತು. "ಆಂಟಿ, ಆ ಮೂಲೇಲಿರೋದು ಏನು?"

ಸಣ್ಣ ಮಲ್ಲಿಗೆ ಮೊಗ್ಗಿನ ಬಳ್ಳಿ. ಅಕ್ಕ ದೊಡ್ಡದು ಮಾಡಿ ತೋರಿಸಿದಳು.

"ನನ್ಗೆ ಇದು."

"ನಿಮ್ಮಕ್ಕಂದೇ ಬೇಕು ಅಂತ ತಾನೆ ಬಂದಿರೋದು?" ಅಂದರು ತಾಯಿ.

"ಬೇಕು ಅಂದಿದ್ದು ನೀನು ಅವ್ವ. ನನ್ನ ಯಾರ್ ಕೇಳುದ್ರಿ? ಸ್ಕೂಲ್ ಬ್ಯಾಗಿಂದ್ಲೂವೆ ನನ್ಗೆ ಅವ್ಳ್ದೇ."

ತಾಯಿ ಅಕ್ಕನ ಕಡೆ ತಿರುಗಿದರು. "ನೀನ್ ಬೇರೆ ಅಷ್ಟ್ ಕಷ್ಟಪಟ್ಟು ಉಡ್ಕಿದ್ದೀಯೆ. ಏನಮ್ಮ ಮಾಡದು?"

ನಾನು ಅಕ್ಕನ ಮುಖ ನೋಡಿದೆ. ಎರಡು ದಿನದಿಂದ ಆ ಗಿಣಿಗಾಗಿ ನಿದ್ದೆಗೆಟ್ಟವಳು.

"ತೊಡೋಳು ಅವ್ಳು ಕಣಮ್ಮ," ಅಂದಳು ಅಕ್ಕ. "ಅವ್ಳ್ ಕಣ್ಗೆ ಚೆಂದ ಕಾಣ್ಲಿ."

ತಾಯಿ ಸೀರೆಯ ಅಂಚನ್ನು ಪರದೆಯ ಹತ್ತಿರ ಹಿಡಿದು ಒಂದೆರಡು ಸಲ ನೋಡಿದರು. "ಅಂಗಾರೆ ತೋಳ್ ತುಂಬ ಬರಂಗೆ ಆಕ್ಬುಡು. ಕಂಜೂಸ್ ಮಾಡ್ಬ್ಯಾಡ." ಮಗಳು ಕೆಳಗೆ ನೋಡಿಕೊಂಡು ನಗುತ್ತಿದ್ದಳು.

ಅವರು ಹೋದ ಮೇಲೆ ಬಾವ ಕೇಳಿದರು, "ಅಲ್ಲಮ್ಮಿ, ಮದ್ಯಾನದಿಂದ ಉಡ್ಕಿದ್ ಗಿಣಿ ಏನಾಯ್ತು?"

"ಅದು ಅಲ್ಲೇ ಇರ್ಲಿ ಬುಡಿ. ಗಿಣಿ ಉಡ್ಕಕ್ ಓಗಿ ತಾನೆ ಆ ಮಗೀಗೆ ತನ್ದು ಸಿಕ್ಕಿದ್ದು."

ಬುಧವಾರ ಅಕ್ಕ ಫೋಟೋ ಕಳಿಸಿದಳು. ಹಸಿರು ರೇಷ್ಮೆಯ ಮೇಲೆ ಭುಜದಿಂದ ತೋಳಿನ ಅಂಚಿನವರೆಗೆ ಮೊಗ್ಗಿನ ಬಳ್ಳಿ ಇಳಿದಿತ್ತು. ನನಗೆ ಬಟ್ಟೆಯ ಬಗ್ಗೆ ಏನೂ ಗೊತ್ತಿಲ್ಲ, ಆದರೂ ಆಫೀಸಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ತೋರಿಸಿದೆ. ಈಗ ಅಕ್ಕ ಬಂದವರನ್ನು ಮೊದಲು ಕಂಪ್ಯೂಟರ್ ಮುಂದೆ ಕೂರಿಸಿ, ತೊಡುವವಳನ್ನೇ ಕೇಳುತ್ತಾಳಂತೆ. ಅಮ್ಮಂದಿರಿಗೆ ಸ್ವಲ್ಪ ಸಿಟ್ಟಂತೆ. ಇರಲಿ.

ನಿಮ್ಮ ಮನೆಯ ಕಂಪ್ಯೂಟರಿನೊಳಗೆ ಏನು ಕಳೆದುಹೋಗಿತ್ತು, ಯಾವ ಪುಟ್ಟ ಸಾಫ್ಟ್‌ವೇರು ಅದನ್ನು ಹುಡುಕಿಕೊಟ್ಟಿತು, ಹುಡುಕಿದ್ದು ಒಂದು ಸಿಕ್ಕಿದ್ದು ಇನ್ನೊಂದು ಆಯಿತಾ? ಬರೀ ಲೈಕ್ ಒತ್ತಿ ಓಡಬೇಡಿ. ಕೆಳಗೆ ನಾಲ್ಕು ಸಾಲು ಬರೆಯಿರಿ, ಅಕ್ಕನಿಗೂ ಓದಿ ಹೇಳುತ್ತೇನೆ.