ಗೆರೆ ಮುಳುಗಲಿಲ್ಲ

ಉಡಚಪ್ಪ ಅಂಬಿಗೇರನಿಗೆ ಅಕ್ಷರ ಬರುತ್ತಿರಲಿಲ್ಲ, ಭಾರ ಬರುತ್ತಿತ್ತು. ಮುಂಡರಗಿ ಸೀಮೆಯ ತುಂಗಭದ್ರೆ ದಾಟುವ ಕಡವಿನಲ್ಲಿ ಮೂವತ್ತು ವರ್ಷ ಹರಗೋಲು ಹಾಕಿದವನು. ದಡದ ಮೇಲೆ ಬರುವವರನ್ನು ದೂರದಿಂದ ನೋಡಿದರೆ ಸಾಕು, ಯಾರನ್ನು ಎಲ್ಲಿ ಕೂರಿಸಬೇಕೆಂದು ಅವನಿಗೆ ತಿಳಿಯುತ್ತಿತ್ತು. ಊರಿನಲ್ಲಿ ಅವನನ್ನು ಕಟ್ಟೆಯ ಮೇಲೆ ಕೂರಿಸದ ಗೌಡರೂ ಹರಗೋಲಿನಲ್ಲಿ ಮಾತ್ರ ಅವನು ತೋರಿಸಿದ ಕಡೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದರು. ಬದುಕಿನಲ್ಲಿ ಅವನಿಗೆ ಸಿಕ್ಕ ಮರ್ಯಾದೆ ಅದೊಂದೇ.

ಹರಗೋಲು ದುಂಡಗಿನದು. ಹುಟ್ಟು ಹಾಕುವವನು ಒಂದು ಅಂಚಿಗೆ ನಿಂತರೆ ಎದುರಿನ ಅಂಚಿಗೆ ಸಮನಾದ ಭಾರ ಬೇಕು. ಆ ಭಾರವೇ ಹಿರೇವಡ್ಡಟ್ಟಿಯ ಬಳೆಗಾರ ಮಕ್ತುಮಸಾಬ. ಆಳು ಎರಡು ಚೀಲ ಜೋಳದಷ್ಟು ತೂಗುತ್ತಿದ್ದ. ಪ್ರತಿ ಸೋಮವಾರ ಆಚೆ ದಡದ ಸಂತೆಗೆ ಪುಕ್ಕಟೆಯಾಗಿ ದಾಟುತ್ತಿದ್ದ. ಯಾರಾದರೂ ಕೇಳಿದರೆ, "ನಾ ಇಲ್ಲಂದ್ರ ನೀವೆಲ್ಲಾ ಮೀನಿಗೆ ಊಟ ಆಗ್ತೀರಿ, ನೀವs ನನಗ ಕೊಡಬೇಕು" ಎಂದು ಹೊಟ್ಟೆ ಕುಣಿಸಿ ನಗುತ್ತಿದ್ದ.

ಈಚೆ ದಡ ಮುಂಬೈ, ಆಚೆ ದಡ ಮೈಸೂರು ಎಂಬ ತಾಪತ್ರಯ ಐವತ್ತಾರರಲ್ಲಿ ಮುಗಿಯಿತು. ಎರಡೂ ದಡಗಳು ಒಂದೇ ರಾಜ್ಯವಾದವು. ರಾಜ್ಯ ಒಂದಾದ ಮೇಲೆ ಏನಾದರೂ ಕೊಡಬೇಕಲ್ಲ, ಮರುವರ್ಷ ಸರ್ಕಾರದ ಖಾತೆಯವರು ಕಾರವಾರದಿಂದ ಹಳೆಯದೊಂದು ಹಾಯಿದೋಣಿಯನ್ನು ಲಾರಿಯಲ್ಲಿ ಹೇರಿಕೊಂಡು ಬಂದರು. ಉದ್ದನೆಯ ಚೆಂದದ ದೋಣಿ. ಹೊಟ್ಟೆಯ ಸುತ್ತ ಬಿಳಿ ಬಣ್ಣದ ಗೆರೆ, ಒಳಗೆ ಹಲಗೆಯ ಕೆಳಗೆ ಎಂಟು ದಪ್ಪ ಕಲ್ಲು. ಜೊತೆಗೆ ಬಂದಿದ್ದ ಕಾರವಾರದ ಅಂಬಿಗ ಕಲ್ಲುಗಳನ್ನು ತೋರಿಸಿ ತುಂಬ ಹೊತ್ತು ಕೊಂಕಣಿಯಲ್ಲಿ ಏನೋ ಹೇಳಿದ. ಉಡಚಪ್ಪ ತಲೆ ಅಲ್ಲಾಡಿಸಿದ. ಒಂದಕ್ಷರ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದರೆ ಕಡವು ಬೇರೆಯವರ ಪಾಲಾದೀತೆಂಬ ಅಂಜಿಕೆ.

ಖಾತೆಯ ಸಾಹೇಬರು ಹೇಳಿದ್ದು ಮಾತ್ರ ಸ್ಪಷ್ಟವಾಗಿತ್ತು. "ನೋಡಯ್ಯಾ, ಎಂಟು ಜನ ಹತ್ತಬಹುದು. ಆದರೆ ಈ ಗೆರೆ ಮುಳುಗಬಾರದು. ಮುಳುಗಿದ್ದು ಕಂಡ ದಿನ ದೋಣಿಯೂ ಹೋಯಿತು, ಕಡವೂ ಹೋಯಿತು."

ಎಂಟು ಜನ ಹತ್ತಿದರೆ ಗೆರೆ ಒಂದು ಬೆರಳು ಮುಳುಗುತ್ತಿತ್ತು. ಉಡಚಪ್ಪ ಅವರನ್ನು ಹಿಂದೆ ಕೂರಿಸಿದ, ಮುಂದೆ ಕೂರಿಸಿದ, ಎರಡೂ ಬದಿಗೆ ಹಂಚಿದ. ಹಿಂದೆ ಏಳುತ್ತಿತ್ತು, ಮುಂದೆ ಮುಳುಗುತ್ತಿತ್ತು. ಮೂವತ್ತು ವರ್ಷದ ವಿದ್ಯೆ ಒಂದು ಬೆರಳಿಗೆ ಸೋತಿತು. ಕೊನೆಗೆ ಒಬ್ಬ ದೊಡ್ಡ ಆಳನ್ನು ಬಿಡುವುದೇ ದಾರಿ ಎಂದಾಯಿತು. ಬಿಟ್ಟಿದ್ದು ಮಕ್ತುಮಸಾಬನನ್ನು. ಮೂರು ಸೋಮವಾರ ಅವನು ಬಳೆಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ದಡದಲ್ಲೇ ಕುಳಿತ. ನಾಲ್ಕನೆಯ ಸೋಮವಾರ ಅವನ ನಗು ಹೋಗಿತ್ತು.

"ಮನ್ಯಾಗ ಒಲಿ ಹತ್ತಬೇಕಲ್ಲೋ ಉಡಚಪ್ಪ. ಇಷ್ಟು ವರ್ಷ ನಿನ್ನ ಹರಗೋಲ ಹಿಡದ ಕುಂತಾಂವ ನಾನು. ಈಗ ಭಾರ ಆದ್ನೇನು?"

ಉಡಚಪ್ಪ ದೋಣಿಗೆ ಇಳಿದ. ಹಲಗೆ ಎತ್ತಿ ಕೆಳಗಿನ ಕಲ್ಲುಗಳನ್ನು ನೋಡಿದ. ಹರಗೋಲಿನಲ್ಲಿ ಕೂಲಿ ಕೊಡದ ಕಲ್ಲನ್ನು ಯಾರೂ ಹೊತ್ತು ತಿರುಗುವುದಿಲ್ಲ. ಅಲ್ಲಿ ಮನುಷ್ಯರೇ ಭಾರ, ಮನುಷ್ಯರೇ ಸಮತೂಕ. "ಮಕ್ತುಮಣ್ಣಾ, ಇವನ್ನ ತಗದ ಒಗದ್ರ ನಿನಗ ಜಾಗಾ ಆಗತೈತಿ ನೋಡು" ಎಂದ. ಮಕ್ತುಮಸಾಬ ಹುರುಪಿನಿಂದ ಇಳಿದು ತಾನೇ ಮೂರು ಕಲ್ಲು ಹೊತ್ತು ದಡಕ್ಕೆ ಹಾಕಿದ. ಎಂಟು ಜನ ಹತ್ತಿದರು. ಗೆರೆ ನೀರಿನಿಂದ ಎರಡು ಬೆರಳು ಮೇಲೆ ನಿಂತಿತು. ದಡದಲ್ಲಿದ್ದವರು ಭಲೆ ಎಂದರು.

ಆಷಾಢದ ಗಾಳಿ. ನಡುಹೊಳೆಯಲ್ಲಿ ಹಾಯಿ ತುಂಬಿತು, ದೋಣಿ ಒಂದು ಮಗ್ಗುಲಿಗೆ ವಾಲಿತು. ಹಿಂದೆಯೂ ಹೀಗೆ ವಾಲುತ್ತಿತ್ತು, ಎದ್ದು ನಿಲ್ಲುತ್ತಿತ್ತು. ಆ ದಿನ ಏಳಲಿಲ್ಲ. ಉಡಚಪ್ಪನೂ ಏಳು ಜನರೂ ಮಗುಚಿದ ದೋಣಿಯ ಬೆನ್ನು ಹಿಡಿದು ಉಳಿದರು. ಮಕ್ತುಮಸಾಬ ಹಾಯಿಯ ಬಟ್ಟೆಯ ಕೆಳಗೆ ಸಿಕ್ಕಿಕೊಂಡ. ಮರುದಿನ ಕೆಳಗಿನ ಮಡುವಿನಲ್ಲಿ ಸಿಕ್ಕ.

ವಿಚಾರಣೆಗೆ ಸಾಹೇಬರು ಕಾರವಾರದ ಆ ಅಂಬಿಗನನ್ನೇ ಕರೆಸಿದರು. ಈ ಸಲ ಅವನ ಮಾತನ್ನು ಕನ್ನಡದಲ್ಲಿ ಹೇಳಲು ಒಬ್ಬ ಪೇದೆ ಇದ್ದ. ಮೊದಲೇ ಇದ್ದಿದ್ದರೆ! ಉಪ್ಪುನೀರು ದೋಣಿಯನ್ನು ತುಸು ಎತ್ತಿ ಹಿಡಿಯುತ್ತದಂತೆ. ಗೆರೆ ಎಳೆದದ್ದು ಸಮುದ್ರದಲ್ಲಿ, ಹೊಳೆಯ ಸಿಹಿನೀರಿನಲ್ಲಿ ಅದು ಒಂದು ಬೆರಳು ಇಳಿಯುವುದೇ ಸರಿಯಂತೆ. ಗಾಳಿಗೆ ವಾಲಿದ ದೋಣಿಯನ್ನು ಎಳೆದು ನಿಲ್ಲಿಸುವುದು ತಳದ ಕಲ್ಲುಗಳಂತೆ. ಅವನ್ನು ತೆಗೆದು ಮೇಲೆ ಜನರನ್ನು ಕೂರಿಸಿದರೆ ದೋಣಿ ನಿಲ್ಲುವುದು ಹೇಗೆ ಎಂದು ಅವನು ಕೇಳಿದ.

ಉಡಚಪ್ಪ ಸಾಹೇಬರ ಕಾಲಿಗೆ ಬಿದ್ದ. "ತಪ್ಪು ನಂದs ರಿ. ತಿಳದಿಲ್ಲ ಅಂತ ಹೇಳಲಿಲ್ಲ. ಬರಕೋರ್ರಿ."

"ಗೆರೆ ಮುಳುಗಿತ್ತೇನು?" ಸಾಹೇಬರು ದಡದವರನ್ನು ಕೇಳಿದರು. ಇಲ್ಲ, ಎರಡು ಬೆರಳು ಮೇಲಿತ್ತು ಎಂದು ಎಲ್ಲರೂ ಸತ್ಯವನ್ನೇ ಹೇಳಿದರು. ನಿಯಮವೇ ತಪ್ಪು ಎಂದರೆ ನಿಯಮ ಮಾಡಿದವರತ್ತ ಬೆರಳು ಹೋಗಬೇಕಲ್ಲ! ಅಂಬಿಗನ ತಪ್ಪಿಲ್ಲ, ಗಾಳಿಯ ತಪ್ಪು ಎಂದು ಬರೆದರು. ಮತ್ತೆ ಐದು ವರ್ಷ ಕಡವು ಉಡಚಪ್ಪನದೇ ಎಂದು ಹುಕುಂ ಆಯಿತು. ಯಾವುದು ಕೈತಪ್ಪೀತೆಂದು ಅಂಜಿದ್ದನೋ ಅದು ಭದ್ರವಾಗಿ ಕೈಯಲ್ಲಿ ಉಳಿಯಿತು.

ನಲವತ್ತು ದಿನ ಕಳೆದ ಮೇಲಿನ ಸೋಮವಾರ ಮಕ್ತುಮಸಾಬನ ಹೆಂಡತಿ ಅಲ್ಮಾಸಬಿ ತಲೆಯ ಮೇಲೆ ಬಳೆಯ ಗಂಟು ಹೊತ್ತು ದಡಕ್ಕೆ ಬಂದಳು. ಸಂತೆ ಆಚೆ ದಡದಲ್ಲಿ, ಬೇರೆ ಕಡವು ಹತ್ತು ಮೈಲಿ ದೂರ.

"ಭಾಬೀ, ಆ ಕಲ್ಲು ನಾನs..." ಎಂದು ಉಡಚಪ್ಪ ಬಾಯಿ ತೆರೆದ.

"ಗೊತ್ತೈತಿ," ಎಂದಳು ಅವಳು. "ಏನೂ ಹೇಳಬ್ಯಾಡ. ಎಲ್ಲಿ ಕುಂಡ್ರಲಿ, ಅಷ್ಟ ಹೇಳು."

ಅವನಿಗೆ ಕೈ ಎತ್ತಿ ಜಾಗ ತೋರಿಸಲು ಆಗಲಿಲ್ಲ. ಅವಳು ಕಾಯುತ್ತ ದೋಣಿಯ ಪಕ್ಕ ಮೊಣಕಾಲುಮಟ್ಟದ ನೀರಿನಲ್ಲಿ ನಿಂತೇ ಇದ್ದಳು.